ವಾರಕ್ಕೊಂದು ಮಾತ್ರೆ ದಿನಕ್ಕೊಂದಾದಾಗ: ಪರಿಹಾರ ಕೇಳುವುದು ಹೇಗೆ?

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ಅಮ್ಮನಿಗೆ 61 ವರ್ಷ. ಕೈಬೆರಳಿನ ಗಂಟುಗಳು ಊದಿ ನೋಯುತ್ತಿದ್ದವು ಅಂತ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರುಮಟಾಯ್ಡ್ ಸಂಧಿವಾತ ಎಂದರು. ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ ಮಾತ್ರೆ ಬರೆದು, ಪಕ್ಕದಲ್ಲಿ '1-0-0, 30 ದಿನ' ಎಂದು ಹಾಕಿದರು. ಮೆಡಿಕಲ್ ಶಾಪಿನಲ್ಲಿ 30 ಮಾತ್ರೆ ಕೊಟ್ಟು, ಕವರಿನ ಮೇಲೆ 'ಬೆಳಿಗ್ಗೆ 1' ಎಂದು ಬರೆದುಕೊಟ್ಟರು. ಒಂಬತ್ತನೇ ದಿನಕ್ಕೆ ಬಾಯಿ ತುಂಬಾ ಹುಣ್ಣು. ಆಸ್ಪತ್ರೆಗೆ ಫೋನ್ ಮಾಡಿದರೆ 'ಶುರುವಿನಲ್ಲಿ ಹಾಗಾಗುತ್ತೆ, ನಿಲ್ಲಿಸಬೇಡಿ' ಎಂದರು. ಹದಿಮೂರನೇ ದಿನ ಜ್ವರ ಏರಿ ಬೇರೆ ಆಸ್ಪತ್ರೆಗೆ ಸೇರಿಸಿದೆವು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ತೀರಾ ಇಳಿದಿದ್ದವು. ಆರು ದಿನ ಐಸಿಯು, ಒಟ್ಟು 17 ದಿನ, 4.6 ಲಕ್ಷ ಖರ್ಚು. ಅಮ್ಮ ಉಳಿದರು, ಆದರೆ ಮೊದಲಿನ ಹಾಗೆ ಓಡಾಡುತ್ತಿಲ್ಲ. ಇದೆಲ್ಲ ಆಗಿ ಒಂದು ವರ್ಷ ಏಳು ತಿಂಗಳಾಯಿತು. ಮೊದಲ ಆಸ್ಪತ್ರೆಯವರು ಇದು ಸೈಡ್ ಎಫೆಕ್ಟ್ ಅನ್ನುತ್ತಾರೆ. ಒರಿಜಿನಲ್ ಚೀಟಿ ತನ್ನಿ, ಒಂದು ಪೇಪರಿಗೆ ಸಹಿ ಹಾಕಿ, 50 ಸಾವಿರ ಕೊಡುತ್ತೇವೆ ಎನ್ನುತ್ತಿದ್ದಾರೆ. ಡಾಕ್ಟರ ಮೇಲೆ ಕೇಸು ನಿಲ್ಲಲ್ಲ ಅಂತ ಮಾವ, ಮೊದಲು ಪೊಲೀಸ್ ಕಂಪ್ಲೇಂಟ್ ಕೊಡಿ ಅಂತ ಚಿಕ್ಕಪ್ಪ, ಲಾಯರಿಗೇ ಲಕ್ಷ ಸುರಿಯಬೇಕು ಅಂತ ಇನ್ನೊಬ್ಬರು. 'ಹುಣ್ಣಾದ ಮೇಲೂ ನಾನೇ ನುಂಗಿದೆನಲ್ಲ, ನಂದೇ ತಪ್ಪು' ಅಂತ ಅಮ್ಮ ಕೊರಗುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮೊದಲು ಹುಡುಕಿದ್ದು ದಿನಾಂಕ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾನೂನು ಕೊಟ್ಟಿರುವ ಅವಧಿ ಎರಡು ವರ್ಷ. ಒಂದು ವರ್ಷ ಏಳು ತಿಂಗಳು ಕಳೆದಿದೆ. ಸಮಯ ಇದೆ, ಆದರೆ ಯೋಚಿಸುತ್ತಾ ಕೂರುವಷ್ಟು ಇಲ್ಲ. ಸರಿಯಾದ ಕಾರಣ ತೋರಿಸಿದರೆ ತಡವನ್ನು ಆಯೋಗ ಮನ್ನಿಸಬಹುದು. ಅದನ್ನೇ ನಂಬಿಕೊಂಡು ಕೂರಬೇಡಿ. 'ಆಸ್ಪತ್ರೆಯವರು ಮಾತುಕತೆ ನಡೆಸುತ್ತಿದ್ದರು, ಅದಕ್ಕೇ ಕಾದೆವು' ಎಂಬ ಕಾರಣ ಬಹಳ ಸಲ ನಿಲ್ಲುವುದಿಲ್ಲ.

ಇನ್ನೆರಡು ಮಾತು ಈಗಲೇ ಹೇಳಿಬಿಡುತ್ತೇನೆ. ಒರಿಜಿನಲ್ ಚೀಟಿಯನ್ನು ಯಾರ ಕೈಗೂ ಕೊಡಬೇಡಿ. ನೋಡಬೇಕು ಅಂದರೆ ಜೆರಾಕ್ಸ್ ಕೊಡಿ. ಮತ್ತೆ ಅವರ ಪೇಪರಿಗೆ ಸಹಿ ಹಾಕಬೇಡಿ. ಅದರಲ್ಲಿ 'ಇನ್ನು ಮುಂದೆ ಯಾವುದೇ ಹಕ್ಕು ಕೇಳುವುದಿಲ್ಲ' ಎಂಬ ಸಾಲು ಇದ್ದೇ ಇರುತ್ತದೆ. ನಿಮ್ಮ ಕೇಸಿನ ಜೀವ ಆ ಚೀಟಿಯಲ್ಲಿದೆ. ಔಷಧಿಯ ತಪ್ಪಿನ ಕೇಸುಗಳಲ್ಲಿ ಜನ ಸೋಲುವುದು ಹೆಚ್ಚಾಗಿ ಚೀಟಿ ಕಳೆದುಕೊಂಡು. ಆಪರೇಷನ್ ತಪ್ಪಾಯಿತು ಅನ್ನುವವರಿಗೆ ಒಳಗೆ ಏನಾಯಿತು ಎಂದು ತೋರಿಸುವುದು ಕಷ್ಟ. ನಿಮ್ಮ ಹತ್ತಿರ ತಪ್ಪು ಬರವಣಿಗೆಯಲ್ಲೇ ಇದೆ.

ಈಗ ಸೈಡ್ ಎಫೆಕ್ಟ್ ಅನ್ನುವ ವಾದ. ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಆಸ್ಪತ್ರೆಯ ವಕೀಲರು ಹಿಡಿಯುವುದು ಇದನ್ನೇ. ಸರಿಯಾದ ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಕೆಲವರಿಗೆ ತೊಂದರೆ ಆಗುತ್ತದೆ. ಅದಕ್ಕೆ ಪರಿಹಾರ ಸಿಗುವುದಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಮಾರ್ಟಿನ್ ಡಿಸೋಜಾ ಪ್ರಕರಣ ನೋಡಿ. ಕಿಡ್ನಿ ಕಾಯಿಲೆಯ ರೋಗಿಗೆ ಸೋಂಕಿಗಾಗಿ ಅಮಿಕಾಸಿನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟಿದ್ದರು. ಕಿವಿ ಹೋಯಿತು ಅಂತ ರೋಗಿಯ ದೂರು. ಈ ಔಷಧಿ ಕಿವಿಗೆ ತೊಂದರೆ ಮಾಡಬಹುದು ಅನ್ನುವುದು ವೈದ್ಯರಿಗೆ ಗೊತ್ತಿರುವ ವಿಷಯವೇ. ರಾಷ್ಟ್ರೀಯ ಗ್ರಾಹಕರ ಆಯೋಗ ಪರಿಹಾರ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸೋಂಕು ಪ್ರಾಣಕ್ಕೇ ಕುತ್ತು ತರುವಂತಿತ್ತು, ಆ ಸ್ಥಿತಿಯಲ್ಲಿ ಆ ಔಷಧಿ ಕೊಟ್ಟಿದ್ದು ನಿರ್ಲಕ್ಷ್ಯ ಅಲ್ಲ ಎಂದಿತು. ಅಪಾಯ ಗೊತ್ತಿದ್ದೂ, ಅದಕ್ಕಿಂತ ದೊಡ್ಡ ಅಪಾಯ ತಪ್ಪಿಸಲು ತೆಗೆದುಕೊಂಡ ನಿರ್ಧಾರವನ್ನು ಕೋರ್ಟು ಗೌರವಿಸುತ್ತದೆ. ಅದು ಸರಿಯೂ ಹೌದು.

ನಿಮ್ಮ ಅಮ್ಮನದು ಹಾಗಲ್ಲ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಕೊಡುವುದು ವಾರಕ್ಕೆ ಒಂದು ದಿನ. 7.5 ಮಿಲಿಗ್ರಾಂ ಅನ್ನುವುದು ಇಡೀ ವಾರದ ಲೆಕ್ಕ. ದಿನವೂ ಕೊಟ್ಟರೆ ವಾರಕ್ಕೆ 52.5 ಮಿಲಿಗ್ರಾಂ ಆಯಿತು, ಅಂದರೆ ಏಳು ಪಟ್ಟು. ಆದರೆ ಇಲ್ಲಿ ಪಟ್ಟಿನ ಲೆಕ್ಕಕ್ಕಿಂತ ಮುಖ್ಯವಾದ ವಿಷಯ ಒಂದಿದೆ. ಈ ಔಷಧಿ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುತ್ತದೆ. ಬೇಗ ಬೇಗ ಹುಟ್ಟುವ ಜೀವಕೋಶಗಳಿಗೆ ಅದರ ಏಟು ಮೊದಲು ಬೀಳುತ್ತದೆ. ಬಾಯಿಯ ಒಳಪದರ, ಕರುಳಿನ ಒಳಪದರ, ಮೂಳೆಮಜ್ಜೆ ಇವೆಲ್ಲ ಅಂಥವು. ವಾರಕ್ಕೊಮ್ಮೆ ಕೊಟ್ಟರೆ ನಡುವಿನ ದಿನಗಳಲ್ಲಿ ಅವು ಚೇತರಿಸಿಕೊಳ್ಳುತ್ತವೆ. ದಿನವೂ ಕೊಟ್ಟರೆ ಆ ಬಿಡುವೇ ಇಲ್ಲ. ಮೊದಲು ಬಾಯಿಹುಣ್ಣು, ಆಮೇಲೆ ರಕ್ತಕಣ ಇಳಿಯುವುದು, ಆಮೇಲೆ ಸೋಂಕು. ನಿಮ್ಮ ಅಮ್ಮನಿಗೆ ಆಗಿದ್ದು ಇದೇ ಸಾಲಿನಲ್ಲಿ. ವಾರದ ಮಾತ್ರೆ ದಿನದ ಮಾತ್ರೆ ಆಗಿಬಿಡುವುದು ಜಗತ್ತಿನಾದ್ಯಂತ ವೈದ್ಯರಿಗೂ ಫಾರ್ಮಸಿಸ್ಟರಿಗೂ ಚೆನ್ನಾಗಿ ಗೊತ್ತಿರುವ ಅಪಾಯ. ಹಾಗಾಗಿ 'ಯಾರಿಗೂ ಊಹಿಸಲು ಆಗದ ಸೈಡ್ ಎಫೆಕ್ಟ್' ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಇನ್ನೂ ಎರಡು ವಿಷಯ ಪರೀಕ್ಷಿಸಿ. ಮಾತ್ರೆ ಶುರು ಮಾಡುವ ಮೊದಲು ರಕ್ತಕಣದ ಎಣಿಕೆ, ಲಿವರ್ ಮತ್ತು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದ್ದರಾ? ಕಿಡ್ನಿ ದುರ್ಬಲ ಇದ್ದರೆ ಈ ಔಷಧಿ ಮೈಯಲ್ಲೇ ಉಳಿದುಕೊಳ್ಳುತ್ತದೆ. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ ಬರೆದಿದ್ದರಾ? ಎರಡೂ ಇಲ್ಲದಿದ್ದರೆ ಕೈತಪ್ಪಿ '1-0-0' ಬಿತ್ತು ಅನ್ನುವ ಸಮಜಾಯಿಷಿ ಇನ್ನಷ್ಟು ದುರ್ಬಲವಾಗುತ್ತದೆ.

ಅಮ್ಮನಿಗೆ ದಯವಿಟ್ಟು ಇದನ್ನು ಓದಿ ಹೇಳಿ. ಚೀಟಿಯಲ್ಲಿ ಬರೆದ ಹಾಗೆ ಮಾತ್ರೆ ನುಂಗಿದ್ದು ತಪ್ಪಲ್ಲ. ಅವರು ಸಂದೇಹ ಬಂದಾಗ ಸುಮ್ಮನಿರಲಿಲ್ಲ, ಫೋನ್ ಮಾಡಿಸಿದರು. ನಿಲ್ಲಿಸಬೇಡಿ ಎಂದವರು ಆಸ್ಪತ್ರೆಯವರು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ರೋಗಿಗೆ ಬಾಯಿಹುಣ್ಣಾಗಿದೆ ಅಂದ ತಕ್ಷಣ 'ಎಷ್ಟು ದಿನಕ್ಕೊಮ್ಮೆ ತಗೋತಿದೀರಿ?' ಎಂದು ಕೇಳಬೇಕಿತ್ತು. ನನ್ನ ದೃಷ್ಟಿಯಲ್ಲಿ ಚೀಟಿಯ ತಪ್ಪಿಗಿಂತ ಈ ಫೋನ್ ಉತ್ತರ ಹೆಚ್ಚು ಗಂಭೀರ. ಬರೆಯುವಾಗ ಯಾರಿಗಾದರೂ ಕೈ ತಪ್ಪಬಹುದು. ರೋಗಿಯೇ ಎಚ್ಚರಿಸಿದ ಮೇಲೂ ನೋಡಲಿಲ್ಲ ಅಂದರೆ ಅದು ನಿರ್ಲಕ್ಷ್ಯ. ಆ ದಿನದ ಕಾಲ್ ವಿವರವನ್ನು ನಿಮ್ಮ ಮೊಬೈಲ್ ಕಂಪನಿಯಿಂದ ಈಗಲೇ ಕೇಳಿ ಇಟ್ಟುಕೊಳ್ಳಿ. ಹಳೆಯದಾದಷ್ಟೂ ಸಿಗುವುದು ಕಷ್ಟ.

ಮೆಡಿಕಲ್ ಶಾಪಿನವರ ಪಾತ್ರವೂ ಇದೆ. ಚೀಟಿಯಲ್ಲಿ ಅನುಮಾನ ಬರುವಂಥದ್ದು ಇದ್ದರೆ ಫಾರ್ಮಸಿಸ್ಟ್ ಬರೆದ ವೈದ್ಯರನ್ನು ಕೇಳಬೇಕು. ಸಂಧಿವಾತದ ರೋಗಿಗೆ 30 ದಿನಕ್ಕೆ 30 ಮೆಥೊಟ್ರೆಕ್ಸೇಟ್ ಅನುಮಾನ ತರಿಸಲೇಬೇಕಾದ ಚೀಟಿ. ಮಾತ್ರೆಯ ಬಿಲ್ಲು, ಆ ಕವರು, ಉಳಿದ ಮಾತ್ರೆಗಳಿರುವ ಸ್ಟ್ರಿಪ್ ಎಲ್ಲವನ್ನೂ ಜೋಪಾನ ಮಾಡಿ. ಎಷ್ಟು ಮಾತ್ರೆ ಖಾಲಿಯಾಗಿದೆ ಎಂದು ಸ್ಟ್ರಿಪ್ಪೇ ಹೇಳುತ್ತದೆ.

ಇನ್ನು ನೆಂಟರು ಹೇಳಿದ ಮಾತುಗಳು. ಡಾಕ್ಟರ ಮೇಲೆ ಕೇಸು ನಿಲ್ಲುವುದಿಲ್ಲ ಎನ್ನುವುದು ಸರಿಯಲ್ಲ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯಡಿ 'ಸೇವೆ' ಎಂದು ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ಹೇಳಿದೆ. 2019ರಲ್ಲಿ ಹೊಸ ಗ್ರಾಹಕ ಕಾಯ್ದೆ ಬಂದಾಗ ಅದರಲ್ಲಿ ಆರೋಗ್ಯ ಸೇವೆ ಎಂಬ ಪದ ಇಲ್ಲ, ಹಾಗಾಗಿ ವೈದ್ಯರು ಹೊರಗೆ ಎಂಬ ಸುದ್ದಿ ಹಬ್ಬಿತು. ಆ ವಾದವನ್ನೂ 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಔಷಧಿಯ ಪ್ರಮಾಣದ ತಪ್ಪಿಗೇ ದೊಡ್ಡ ಪರಿಹಾರ ಸಿಕ್ಕಿದೆ. 1998ರಲ್ಲಿ ಕೋಲ್ಕತ್ತದಲ್ಲಿ ಅನುರಾಧಾ ಸಹಾ ಅವರಿಗೆ ಚರ್ಮದ ಕಾಯಿಲೆಗೆ ಡೆಪೊ-ಮೆಡ್ರಾಲ್ ಎಂಬ, ಮೈಯಲ್ಲಿ ಬಹಳ ದಿನ ಉಳಿಯುವ ಸ್ಟೀರಾಯ್ಡನ್ನು ದಿನಕ್ಕೆ ಎರಡು ಸಲ 80 ಮಿಲಿಗ್ರಾಂ ಬರೆದಿದ್ದರು. ಅವರು ತೀರಿಕೊಂಡರು. 2013ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 5.96 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಿಸಿತು. ಈ ಮೊತ್ತ ನೋಡಿ ಆಸೆ ಇಟ್ಟುಕೊಳ್ಳಬೇಡಿ. ಅದು ಸಾವಿನ ಪ್ರಕರಣ, ಅವರು ಅಮೆರಿಕದಲ್ಲಿ ನೆಲೆಸಿದ್ದವರು, ಪತಿ ಸ್ವತಃ ವೈದ್ಯರು, ಹೋರಾಟ ಹದಿನೈದು ವರ್ಷ ಹಿಡಿಯಿತು.

ಪೊಲೀಸ್ ದೂರನ್ನು ಮೊದಲು ಕೊಡಬೇಡಿ ಅನ್ನುವುದು ನನ್ನ ಸಲಹೆ. ವೈದ್ಯರನ್ನು ಕ್ರಿಮಿನಲ್ ಕೇಸಿನಲ್ಲಿ ಹಿಡಿಯಬೇಕಾದರೆ ತೀರಾ ದೊಡ್ಡ ಮಟ್ಟದ ನಿರ್ಲಕ್ಷ್ಯ ಇರಬೇಕು, ಅದಕ್ಕೆ ಮೊದಲು ಪೊಲೀಸರು ಇನ್ನೊಬ್ಬ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ, ನಿಷ್ಪಕ್ಷ ಅಭಿಪ್ರಾಯ ಪಡೆಯಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ಆ ಅಭಿಪ್ರಾಯ ನಿಮಗೆ ವಿರುದ್ಧವಾಗಿ ಬಂದರೆ ಆಯೋಗದಲ್ಲೂ ಅದನ್ನೇ ತಂದು ಇಡುತ್ತಾರೆ. ಪೊಲೀಸ್ ಕೇಸಿನಿಂದ ಆಸ್ಪತ್ರೆಯ ಬಿಲ್ಲು ವಾಪಸ್ ಬರುವುದೂ ಇಲ್ಲ. ದಾಖಲೆ ತಿದ್ದಿದ್ದಾರೆ, ಅಥವಾ ಬರೆದವರು ವೈದ್ಯರೇ ಅಲ್ಲ ಎಂದಾದರೆ ಮಾತು ಬೇರೆ. ಆಗ ಪೊಲೀಸರ ಹತ್ತಿರ ಹೋಗಲೇಬೇಕು.

ಲಾಯರ್ ಖರ್ಚಿನ ಭಯಕ್ಕೆ ಉತ್ತರ ಬಹಳ ಜನಕ್ಕೆ ಗೊತ್ತಿಲ್ಲ. ದೂರು ಯಾವ ಆಯೋಗಕ್ಕೆ ಹೋಗಬೇಕು, ಶುಲ್ಕ ಎಷ್ಟು ಅನ್ನುವುದು ಈಗ ನೀವು ಕೇಳುವ ಪರಿಹಾರದ ಮೇಲೆ ನಿಂತಿಲ್ಲ. ನೀವು ಎದುರು ಪಕ್ಷದವರಿಗೆ ಕೊಟ್ಟ ಹಣದ ಮೇಲೆ ನಿಂತಿದೆ. ಅದು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಮೊದಲ ಆಸ್ಪತ್ರೆಗೆ ನೀವು ಕೊಟ್ಟಿದ್ದು ಕನ್ಸಲ್ಟೇಷನ್ ಫೀಸು, ಒಂದಿಷ್ಟು ಪರೀಕ್ಷೆಯ ಖರ್ಚು ಅಷ್ಟೇ. ಹಾಗಾಗಿ 20 ಲಕ್ಷ ಪರಿಹಾರ ಕೇಳಿದರೂ ಶುಲ್ಕ ಸೊನ್ನೆ. ಚಿಕಿತ್ಸೆ ಮೈಸೂರಿನಲ್ಲಿ ಆಗಿದ್ದರೂ ಅಮ್ಮ ವಾಸ ಇರುವ ಹಾಸನದಲ್ಲೇ ದೂರು ಕೊಡಬಹುದು, ಇದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ಲಾಯರ್ ಇಲ್ಲದೆಯೂ ಕೊಡಬಹುದು. ಆದರೆ ವೈದ್ಯಕೀಯ ಕೇಸನ್ನು ಒಬ್ಬರೇ ನಡೆಸಿ ಅಂತ ನಾನು ಹೇಳುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡುತ್ತಾರೆ. ದೂರುದಾರರು ಅಮ್ಮನೇ ಆಗಿರುವುದರಿಂದ ನಿಮಗೆ ಆ ಬಾಗಿಲು ತೆರೆದಿದೆ. ಖಾಸಗಿ ವಕೀಲರನ್ನು ಹಿಡಿದರೆ ಫೀಸನ್ನು ಮೊದಲೇ ಬರೆಸಿಕೊಳ್ಳಿ.

ದೂರು ಬರೆಯುವ ಮೊದಲು ಎರಡೂ ಆಸ್ಪತ್ರೆಗಳಿಗೆ ಲಿಖಿತವಾಗಿ ಅರ್ಜಿ ಕೊಟ್ಟು ದಾಖಲೆಗಳನ್ನು ಕೇಳಿ. ಅರ್ಜಿ ಕೊಟ್ಟ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಲ್ಲಿದೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು ಎಂದೂ ಇದೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಕೊಡದಿದ್ದರೆ ಕೊಡಲಿಲ್ಲ ಎನ್ನುವುದೇ ನಿಮಗೆ ಸಾಕ್ಷಿ.

ಎರಡನೇ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಈ ಕೇಸಿನ ಇನ್ನೊಂದು ಕಾಲು. ತಪ್ಪಾಯಿತು ಎಂದು ತೋರಿಸಿದರೆ ಸಾಲದು. ಆ ತಪ್ಪಿನಿಂದಲೇ ಈ ಹಾನಿ ಆಯಿತು ಎಂದು ತೋರಿಸಬೇಕು. ಬಹಳ ಕೇಸು ಬೀಳುವುದು ಇಲ್ಲೇ. 'ವಯಸ್ಸಾಗಿತ್ತು, ಬೇರೆ ಸೋಂಕಿನಿಂದ ರಕ್ತಕಣ ಇಳಿಯಿತು' ಎಂದು ಅವರು ಹೇಳುತ್ತಾರೆ. ಸಮ್ಮರಿಯಲ್ಲಿ ಮೆಥೊಟ್ರೆಕ್ಸೇಟ್ ವಿಷಪರಿಣಾಮ ಎಂದು ಸ್ಪಷ್ಟವಾಗಿ ಬರೆದಿದ್ದಾರಾ ನೋಡಿ. ಔಷಧಿಗಳ ಪಟ್ಟಿಯಲ್ಲಿ ಲ್ಯೂಕೊವೊರಿನ್ ಹುಡುಕಿ. ಅದು ಈ ಔಷಧಿಯ ವಿಷಪರಿಣಾಮ ಇಳಿಸಲು ಕೊಡುವ ಮದ್ದು. ಅದನ್ನು ಕೊಟ್ಟಿದ್ದರೆ, ಕಾರಣ ಏನು ಎಂದು ಆ ವೈದ್ಯರು ಅಂದೇ ತಿಳಿದಿದ್ದರು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸಮ್ಮರಿ ಅಸ್ಪಷ್ಟ ಇದ್ದರೆ ಆ ವೈದ್ಯರ ಹತ್ತಿರ ಹೋಗಿ ಒಂದು ಪ್ರಮಾಣಪತ್ರ ಕೇಳಿ. ಇನ್ನೊಬ್ಬ ಡಾಕ್ಟರ ವಿರುದ್ಧ ಬರೆಯಲು ಅವರು ಹಿಂಜರಿಯಬಹುದು. ಯಾರದ್ದು ತಪ್ಪು ಎಂದು ಬರೆಯಬೇಡಿ, ರೋಗಿ ಯಾವ ಮಾತ್ರೆಯನ್ನು ಎಷ್ಟು ದಿನ ತೆಗೆದುಕೊಂಡು ಯಾವ ಸ್ಥಿತಿಯಲ್ಲಿ ಬಂದರು ಎಂಬುದನ್ನಷ್ಟೇ ಬರೆದುಕೊಡಿ ಎಂದು ಕೇಳಿ. ಹಾಗೆ ಕೇಳಿದರೆ ಹೆಚ್ಚಿನವರು ಕೊಡುತ್ತಾರೆ.

ತಜ್ಞ ವೈದ್ಯರ ವರದಿ ಇಲ್ಲದೆ ಕೇಸು ನಡೆಯುವುದೇ ಇಲ್ಲ ಎಂಬ ನಂಬಿಕೆ ವಕೀಲರಲ್ಲೂ ಇದೆ. ಎಲ್ಲ ಕೇಸಿಗೂ ತಜ್ಞರ ಅಭಿಪ್ರಾಯ ಬೇಕಾಗಿಲ್ಲ, ತಪ್ಪು ಮೇಲ್ನೋಟಕ್ಕೇ ಕಾಣುವಂತಿದ್ದರೆ ಆಯೋಗ ತಾನೇ ತೀರ್ಮಾನಿಸಬಹುದು ಎಂದು ಸುಪ್ರೀಂ ಕೋರ್ಟ್ 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ಮಲೇರಿಯಾ ರೋಗಿಗೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟ ಹೈದರಾಬಾದಿನ ಪ್ರಕರಣ ಅದು. ಆದರೂ ಸಾಧ್ಯವಾದರೆ ಒಬ್ಬ ಸಂಧಿವಾತ ತಜ್ಞರ ಅಥವಾ ಫಾರ್ಮಕಾಲಜಿ (ಔಷಧಶಾಸ್ತ್ರ) ಪ್ರಾಧ್ಯಾಪಕರ ಅಭಿಪ್ರಾಯ ಪಡೆಯಿರಿ. ತಪ್ಪಿಗೆ ಚೀಟಿ ಸಾಕು, ಹಾನಿಯ ಕಾರಣಕ್ಕೆ ವೈದ್ಯರ ಮಾತು ಇದ್ದರೆ ಬಲ ಜಾಸ್ತಿ.

ದೂರಿನಲ್ಲಿ ಚೀಟಿ ಬರೆದ ವೈದ್ಯರು, ಆಸ್ಪತ್ರೆ, ಮೆಡಿಕಲ್ ಶಾಪ್ ಮೂವರನ್ನೂ ಸೇರಿಸಿ. ಚೀಟಿಯ ಸಹಿ ಯಾರದ್ದು ಎಂದು ಗೊತ್ತಾಗದಿದ್ದರೂ ತೊಂದರೆ ಇಲ್ಲ. ರೋಗಿ ಮೊದಲ ಹಂತದ ಸಾಕ್ಷಿ ಕೊಟ್ಟ ಮೇಲೆ, ನಿರ್ಲಕ್ಷ್ಯ ಆಗಿಲ್ಲ ಎಂದು ತೋರಿಸುವ ಹೊಣೆ ಆಸ್ಪತ್ರೆಯದು ಎಂದು 2004ರ ಸವಿತಾ ಗರ್ಗ್ ತೀರ್ಪು ಹೇಳುತ್ತದೆ.

ಎಷ್ಟು ಕೇಳಬೇಕು? ಎರಡನೇ ಆಸ್ಪತ್ರೆಯ 4.6 ಲಕ್ಷ ಬಿಲ್ಲು ಇದೆ. ಓಡಾಟ, ಆರೈಕೆಗೆ ರಜೆ ಹಾಕಿದವರ ಸಂಬಳ, ಮುಂದಿನ ತಪಾಸಣೆಯ ಖರ್ಚು, ಅಮ್ಮ ಅನುಭವಿಸಿದ ನೋವು, ಕೇಸಿನ ಖರ್ಚು ಇವನ್ನೂ ಸೇರಿಸಿ. ಅಮ್ಮ ದುಡಿಯುತ್ತಿರಲಿಲ್ಲ ಅಂತ ಸೊನ್ನೆ ಬರೆಯಬೇಡಿ. ತೋಟ, ಹಸು, ಅಡುಗೆ, ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಏನೇ ಮಾಡುತ್ತಿದ್ದರೂ ಅದನ್ನು ವಿವರವಾಗಿ ಬರೆಯಿರಿ. ಮೊದಲಿನ ಹಾಗೆ ಓಡಾಡುತ್ತಿಲ್ಲ ಎನ್ನುತ್ತೀರಿ. ಅದಕ್ಕೆ ಈಗಿನ ವೈದ್ಯರ ಒಂದು ಸರ್ಟಿಫಿಕೇಟ್ ಬೇಕು. ಇಲ್ಲದಿದ್ದರೆ ಸಂಧಿವಾತದಿಂದಲೇ ಹಾಗಾಗಿದೆ ಎನ್ನುತ್ತಾರೆ, ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಬಿಲ್ಲುಗಳಿಗಿಂತ ಹತ್ತು ಪಟ್ಟು ಕೇಳಿದರೆ ಸಿಗುವುದು ಜಾಸ್ತಿ ಆಗುವುದಿಲ್ಲ, ದೂರಿನ ತೂಕ ಕಡಿಮೆ ಆಗುತ್ತದೆ.

ಕಾಯ್ದೆಯಲ್ಲಿ ಮೂರರಿಂದ ಐದು ತಿಂಗಳಲ್ಲಿ ತೀರ್ಮಾನ ಆಗಬೇಕು ಎಂದಿದೆ. ವೈದ್ಯಕೀಯ ಕೇಸುಗಳಲ್ಲಿ ಅದು ಆಗುವುದನ್ನು ನಾನು ಕಂಡಿಲ್ಲ. ಎರಡು ವರ್ಷಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಗೆದ್ದರೂ ಎದುರಿನವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಅಪೀಲು ಹೋಗಬಹುದು. ಹೋಗಬೇಕಾದರೆ ಆದೇಶದ ಅರ್ಧ ಹಣವನ್ನು ಅವರು ಠೇವಣಿ ಇಡಬೇಕು, ಅದು ನಿಮಗೆ ಒಂದು ಭದ್ರತೆ.

ಹಾಗಾದರೆ ರಾಜಿ ಮಾಡಿಕೊಳ್ಳುವುದು ತಪ್ಪಾ? ಅಲ್ಲ. ಎರಡು ವರ್ಷದ ಅಲೆದಾಟ ಬೇಡ ಎನ್ನುವವರಿಗೆ ಅದು ಒಳ್ಳೆಯ ದಾರಿಯೇ. ಆದರೆ 4.6 ಲಕ್ಷದ ಬಿಲ್ಲಿಗೆ 50 ಸಾವಿರ ರಾಜಿಯ ಮೊತ್ತ ಅಲ್ಲ. ಲೀಗಲ್ ನೋಟಿಸ್ ಕಡ್ಡಾಯ ಅಲ್ಲದಿದ್ದರೂ ಒಂದು ಕಳಿಸಿ. ಬಹಳಷ್ಟು ವೈದ್ಯರು, ಆಸ್ಪತ್ರೆಗಳು ಇಂಥದ್ದಕ್ಕೇ ವಿಮೆ ಮಾಡಿಸಿರುತ್ತಾರೆ. ನೋಟಿಸ್ ಹೋದ ಮೇಲೆ ವಿಮಾ ಕಂಪನಿ ಮಾತಿಗೆ ಬರುತ್ತದೆ, ಮೊತ್ತವೂ ಬದಲಾಗುತ್ತದೆ. ಆಯೋಗವೇ ಮಧ್ಯಸ್ಥಿಕೆಗೆ ಕಳಿಸುತ್ತದೆ ಎಂದು ಕಾಯಬೇಡಿ. ಗಂಭೀರ ಗಾಯ ಅಥವಾ ಸಾವು ಆದ ವೈದ್ಯಕೀಯ ನಿರ್ಲಕ್ಷ್ಯದ ದೂರುಗಳನ್ನು ಮಧ್ಯಸ್ಥಿಕೆಗೆ ಕಳಿಸುವಂತಿಲ್ಲ ಎಂದು 2020ರ ನಿಯಮ ಇದೆ. ರಾಜಿ ಆದರೆ ನಿಮ್ಮ ಕಡೆಯ ವಕೀಲರು ಓದಿದ ಮೇಲೇ ಸಹಿ, ಹಣ ಖಾತೆಗೆ ಬಂದ ಮೇಲೇ ಸಹಿ. ಎರಡು ವರ್ಷ ಮುಗಿಯುವ ಒಂದು ತಿಂಗಳ ಮೊದಲೇ ದೂರು ದಾಖಲಾಗಿರಲಿ, ಮಾತುಕತೆ ಆಮೇಲೂ ನಡೆಯಬಹುದು.

ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡಬೇಕಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಹಣ ಸಿಗುವುದಿಲ್ಲ. ವೈದ್ಯರಿಗೆ ಎಚ್ಚರಿಕೆ ಕೊಡುವ, ಸ್ವಲ್ಪ ಕಾಲ ನೋಂದಣಿ ತಡೆಹಿಡಿಯುವ ಅಧಿಕಾರ ಅವರಿಗಿದೆ. ಆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ರೀತಿ ಬದಲಾಗಬೇಕು ಎಂಬ ಆಸೆ ನಿಮಗಿದ್ದರೆ ಅಲ್ಲಿಗೂ ಬರೆಯಿರಿ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಲ್ಲಿ ಹೀಗಾದರೆ ಗ್ರಾಹಕರ ಆಯೋಗಕ್ಕೆ ಹೋಗಲು ಆಗುವುದಿಲ್ಲ. ಅವರಿಗೆ ಸಿವಿಲ್ ದಾವೆ ಅಥವಾ ಹೈಕೋರ್ಟಿನ ರಿಟ್ ಅರ್ಜಿ ಇದೆ. ಆದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಕಾರ್ಮಿಕರು ಮತ್ತು ವಿಮೆಯಲ್ಲಿ ಚಿಕಿತ್ಸೆ ಪಡೆದವರು ಗ್ರಾಹಕರೇ ಆಗುತ್ತಾರೆ.

ಅಮ್ಮ ಪ್ರತಿ ವಾಯಿದೆಗೂ ಬರಬೇಕಾಗಿಲ್ಲ. ಅವರ ಸಾಕ್ಷಿಯನ್ನು ಅಫಿಡವಿಟ್ಟಿನಲ್ಲಿ ಕೊಡಬಹುದು. ಎದುರಿನವರು ಪ್ರಶ್ನೆ ಕೇಳಬೇಕೆಂದರೆ ಲಿಖಿತ ಪ್ರಶ್ನೆಗಳನ್ನು ಕಳಿಸಿ ಲಿಖಿತ ಉತ್ತರ ಪಡೆಯಲಿ ಎಂದು ಆಯೋಗವನ್ನು ಕೋರಬಹುದು. ನೀವು ಅವರ ಪರವಾಗಿ ಅಧಿಕಾರಪತ್ರ ಪಡೆದು ಹಾಜರಾಗಬಹುದು. ಅಫಿಡವಿಟ್ಟಿನಲ್ಲಿ ಆ ಹದಿಮೂರು ದಿನದ ಕಥೆಯನ್ನು ಅಮ್ಮನ ಮಾತಿನಲ್ಲೇ ಬರೆಸಿ. ಯಾವ ದಿನ ಊಟ ಸೇರಲಿಲ್ಲ, ಯಾವ ದಿನ ನೀರು ಕುಡಿದರೂ ಉರಿಯಿತು, ಫೋನಿನಲ್ಲಿ ಯಾರು ಏನೆಂದರು, ಎಲ್ಲವೂ ದಿನಾಂಕದ ಸಮೇತ ಇರಲಿ.